ಪುಡಿ ಮುಗಿದರೆ ಪೆಟ್ಟಿಗೆಯೂ ಮುಗಿಯಿತೆ? – ಟೋನರ್ ಕಾರ್ಟ್ರಿಜ್‌ನ ಮರುನಿರ್ಮಾಣ

ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಒಂದು ಹೋಬಳಿ ಕೇಂದ್ರ. ಮೈಸೂರಿನಿಂದ ನಂಜನಗೂಡಿನ ಮೂಲಕ ಗುಂಡ್ಲುಪೇಟೆಗೆ ಸಾಗುವ 766ನೆಯ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾದುಹೋಗುತ್ತದೆ. ಇಂತಹ ಒಂದು ಹೋಬಳಿ ಊರಿನಲ್ಲಿ ದಿನಕ್ಕೆ ಎಷ್ಟು ಹಾಳೆ ಮುದ್ರಣವಾಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಬದಲು ಗಣಕದಿಂದ ಬರುವ ಪಹಣಿ, ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಮತ್ತು ವರ್ಗಾವಣೆ ಪತ್ರ, ಪಂಚಾಯಿತಿಯಲ್ಲಿ ನಡಾವಳಿ, ಬ್ಯಾಂಕಿನಲ್ಲಿ ಸಾಲದ ಕಾಗದ, ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಇವೆಲ್ಲದರ ನಕಲು. ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಇವುಗಳಲ್ಲಿ ಬಹುಪಾಲು ಹಾಳೆಗಳ ಮೇಲಿನ ಅಕ್ಷರ ಶಾಯಿಯಿಂದ ಆದದ್ದಲ್ಲ. ಅದು ಕಾಗದದ ಮೇಲೆ ಕರಗಿ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್ ಪುಡಿ. ಈ ಪುಡಿಯ ಹೆಸರು ಟೋನರ್. ಅದನ್ನು ತುಂಬಿಟ್ಟುಕೊಂಡು ಮುದ್ರಕದೊಳಗೆ ಕೂರುವ ಉದ್ದನೆಯ ಕಪ್ಪು ಪೆಟ್ಟಿಗೆಯೇ ಟೋನರ್ ಕಾರ್ಟ್ರಿಜ್. ಪುಡಿ ಮುಗಿದಾಗ ಪೆಟ್ಟಿಗೆಯನ್ನು ಹೊರತೆಗೆಯುತ್ತೇವೆ. ಆಮೇಲೆ ಅದಕ್ಕೆ ಮೂರು ದಾರಿಗಳಿವೆ: ಕಸದ ರಾಶಿ ಸೇರುವುದು, ಅಂಗಡಿಯಲ್ಲಿ ಮತ್ತೆ ಪುಡಿ ತುಂಬಿಸಿಕೊಂಡು ಬರುವುದು, ಅಥವಾ ಬಿಚ್ಚಿ ಶುಚಿಮಾಡಿ ಸವೆದ ಭಾಗಗಳನ್ನು ಬದಲಿಸಿಕೊಂಡು ಹೊಸದರಂತೆ ಮರಳುವುದು. ಮೂರನೆಯ ದಾರಿಗೆ ಮರುನಿರ್ಮಾಣ ಎಂದು ಹೆಸರು. ಎರಡನೆಯ ಮತ್ತು ಮೂರನೆಯ ದಾರಿಗಳು ಒಂದೇ ಎಂದು ಅನೇಕರು ತಿಳಿದಿದ್ದಾರೆ. ಅವು ಏಕೆ ಬೇರೆ ಎಂಬುದನ್ನು ಅರಿಯಲು ಪೆಟ್ಟಿಗೆಯೊಳಗಿನ ವಿಜ್ಞಾನವನ್ನು ತಿಳಿಯಬೇಕು.

ಒಣ ಬರಹದ ಹುಟ್ಟು

ಒಣಗಿದ ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಲೇಸರ್ ಮುದ್ರಕದ ಮೂಲತತ್ವವೂ ಅದೇ ಸ್ಥಿರವಿದ್ಯುತ್ತು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಆಸ್ಟೋರಿಯಾದಲ್ಲಿ ಸಹಾಯಕ ಆಟೋ ಕೋರ್ನಿಯೊಡನೆ ಮೊದಲ ಯಶಸ್ವಿ ಪ್ರಯೋಗ ನಡೆಸಿದರು. ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಆವೇಶಗೊಳಿಸಿದರು. ದಿನಾಂಕವನ್ನೂ ಸ್ಥಳದ ಹೆಸರನ್ನೂ ಬರೆದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿದರು. ಬೆಳಕು ಬಿದ್ದಲ್ಲಿ ಆವೇಶ ಹರಿದುಹೋಯಿತು, ಅಕ್ಷರದ ನೆರಳಿದ್ದಲ್ಲಿ ಉಳಿಯಿತು. ಲೈಕೋಪೋಡಿಯಮ್ ಎಂಬ ಸಸ್ಯದ ಬೀಜಾಣುಗಳ ಪುಡಿಯನ್ನು ಉದುರಿಸಿದಾಗ ಅದು ಆವೇಶ ಉಳಿದ ಕಡೆ ಮಾತ್ರ ಅಂಟಿಕೊಂಡಿತು. ಮೇಣದ ಕಾಗದವನ್ನು ಒತ್ತಿ ಬಿಸಿಮಾಡಿದಾಗ ಅಕ್ಷರಗಳು ಅದರ ಮೇಲೆ ಮೂಡಿದವು.

ಗ್ರೀಕ್ ಭಾಷೆಯ 'ಒಣ' ಮತ್ತು 'ಬರಹ' ಎಂಬ ಅರ್ಥದ ಪದಗಳನ್ನು ಸೇರಿಸಿ ಈ ವಿಧಾನಕ್ಕೆ ಜೆರೋಗ್ರಫಿ ಎಂದು ಹೆಸರಿಡಲಾಯಿತು. ಹ್ಯಾಲಾಯ್ಡ್ ಎಂಬ ಕಂಪನಿ ಇದನ್ನು ಬೆಳೆಸಿ ತಾನೇ ಜೆರಾಕ್ಸ್ ಆಯಿತು. ಅದರ '914' ಎಂಬ ನಕಲುಯಂತ್ರ 1959ರಲ್ಲಿ ಬಂದಿತು. ಬೆಳಕಿಗೆ ಬದಲು ಲೇಸರ್ ಕಿರಣದಿಂದ ಬರೆಯುವ ಉಪಾಯವನ್ನು ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ರೂಪಿಸಿದರು. 1984ರಲ್ಲಿ ಎಚ್‌ಪಿ ಕಂಪನಿಯ ಲೇಸರ್‌ಜೆಟ್ ಮೇಜಿನ ಮೇಲೆ ಬಂದು ಕೂತಿತು. ಅದರೊಳಗಿನ ಯಂತ್ರ ಜಪಾನಿನ ಕ್ಯಾನನ್ ಕಂಪನಿಯದು. ಬೇಗ ಸವೆಯುವ ಭಾಗಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ, ಪುಡಿ ಮುಗಿದಾಗ ಬಳಕೆದಾರನೇ ಅದನ್ನು ಬದಲಿಸುವಂತೆ ಮಾಡಿದ್ದು ಕ್ಯಾನನ್ ವಿನ್ಯಾಸದ ಜಾಣತನ. ಯಂತ್ರ ನೋಡಿಕೊಳ್ಳಲು ಮೆಕ್ಯಾನಿಕ್ ಬರುವ ಅಗತ್ಯ ತಪ್ಪಿತು. ಇನ್ನೂ ಬಾಳುವ ಭಾಗಗಳು ಪುಡಿಯ ಜೊತೆಗೇ ಕಸಕ್ಕೆ ಹೋಗುವ ಸಮಸ್ಯೆಯೂ ಅಲ್ಲಿಂದಲೇ ಆರಂಭವಾಯಿತು.

ಪೆಟ್ಟಿಗೆಯೊಳಗೆ ಏನೇನಿದೆ?

ನಮ್ಮ ಶಾಲೆ ಮತ್ತು ಕಚೇರಿಗಳಲ್ಲಿ ಬಹಳ ಕಾಲ ಬಳಕೆಯಲ್ಲಿರುವ ಎಚ್‌ಪಿ 1020 ಮಾದರಿಯ ಮುದ್ರಕಕ್ಕೆ ಹಾಕುವ '12ಎ' ಕಾರ್ಟ್ರಿಜ್ಜನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಎರಡು ಅರ್ಧಗಳಿವೆ. ಎರಡು ಸಣ್ಣ ಲೋಹದ ಪಿನ್ನುಗಳು ಅವನ್ನು ಜೋಡಿಸಿ ಹಿಡಿದಿವೆ.

ಒಂದು ಅರ್ಧದಲ್ಲಿ ಟೋನರ್ ತುಂಬಿದ ತೊಟ್ಟಿ, ಮ್ಯಾಗ್ನೆಟಿಕ್ ರೋಲರ್ ಎಂಬ ಕಾಂತೀಯ ಉರುಳೆ ಮತ್ತು ಅದರ ಮೇಲೆ ಪುಡಿಯನ್ನು ತೆಳುವಾಗಿ ಸಮನಾಗಿ ಹರಡುವ ಡಾಕ್ಟರ್ ಬ್ಲೇಡ್ ಇರುತ್ತವೆ. ಇನ್ನೊಂದು ಅರ್ಧದಲ್ಲಿ ಹೊಳೆಯುವ ಹಸಿರು ಅಥವಾ ನೀಲಿ ಬಣ್ಣದ ಡ್ರಮ್, ಅದಕ್ಕೆ ಆವೇಶ ಕೊಡುವ ಪಿ.ಸಿ.ಆರ್. ಎಂಬ ಮೆತ್ತನೆಯ ಕಪ್ಪು ಉರುಳೆ, ಡ್ರಮ್ಮನ್ನು ಒರೆಸುವ ವೈಪರ್ ಬ್ಲೇಡ್ ಮತ್ತು ಒರೆಸಿದ ಪುಡಿ ಬಂದು ಬೀಳುವ ತ್ಯಾಜ್ಯದ ತೊಟ್ಟಿ ಇರುತ್ತವೆ. ಈ ಕೊನೆಯ ತೊಟ್ಟಿಯ ಹೆಸರನ್ನು ನೆನಪಿನಲ್ಲಿಡಿ.

ಡ್ರಮ್ ಎಂದರೆ ಒಂದು ಅಲ್ಯೂಮಿನಿಯಂ ಕೊಳವೆ. ಅದರ ಮೇಲೆ ಕೂದಲೆಳೆಗಿಂತ ತೆಳುವಾದ ಸಾವಯವ ದ್ಯುತಿವಾಹಕದ ಲೇಪ ಇದೆ. ದ್ಯುತಿವಾಹಕ ಎಂದರೆ ಕತ್ತಲಲ್ಲಿ ಅವಾಹಕವಾಗಿದ್ದು, ಬೆಳಕು ಬಿದ್ದಾಗ ವಾಹಕವಾಗುವ ವಸ್ತು. ಕಾರ್ಲ್‌ಸನ್‌ರ ತಗಡಿನ ಮೇಲೆ ಗಂಧಕ ಮಾಡಿದ ಕೆಲಸವನ್ನು ಇಲ್ಲಿ ಈ ಲೇಪ ಮಾಡುತ್ತದೆ.

ಟೋನರ್ ಕಣಗಳ ಗಾತ್ರ ಸಾಮಾನ್ಯವಾಗಿ 5ರಿಂದ 10 ಮೈಕ್ರೊಮೀಟರ್. ಅಂದರೆ ಒಂದು ಮಿಲಿಮೀಟರ್ ಉದ್ದಕ್ಕೆ ನೂರರಿಂದ ಇನ್ನೂರು ಕಣಗಳನ್ನು ಸಾಲಾಗಿ ಇಡಬಹುದು. 12ಎ ಮಾದರಿಯ ಟೋನರ್‌ನಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳಿವೆ: ಬಿಸಿಗೆ ಕರಗುವ ಪ್ಲಾಸ್ಟಿಕ್ ರಾಳ ಮತ್ತು ಕಾಂತೀಯವಾದ ಕಪ್ಪು ಕಬ್ಬಿಣದ ಆಕ್ಸೈಡ್. ಸ್ವಲ್ಪ ಮೇಣ ಮತ್ತು ಆವೇಶವನ್ನು ಹತೋಟಿಯಲ್ಲಿಡುವ ರಾಸಾಯನಿಕಗಳೂ ಸೇರಿರುತ್ತವೆ. ಬೇರೆ ಮಾದರಿಯ ಮುದ್ರಕಗಳಲ್ಲಿ ಕಪ್ಪು ಬಣ್ಣಕ್ಕೆ ಕಾರ್ಬನ್ ಬ್ಲ್ಯಾಕ್, ಅಂದರೆ ಇಂಗಾಲದ ಮಸಿಯನ್ನು ಬಳಸುತ್ತಾರೆ.

ಒಂದು ಪುಟ ಮೂಡುವ ಬಗೆ

ನೀವು ಮುದ್ರಣದ ಆಜ್ಞೆ ಕೊಟ್ಟ ಕೂಡಲೇ ಒಳಗೆ ಆರು ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ.

1. ಆವೇಶ: ಪಿ.ಸಿ.ಆರ್. ಉರುಳೆ ಡ್ರಮ್ಮಿನ ಮೈಗೆಲ್ಲ ಸಮನಾಗಿ ಕೆಲವು ನೂರು ವೋಲ್ಟ್‌ಗಳ ಋಣ ಆವೇಶ ಕೊಡುತ್ತದೆ.

2. ಬರಹ: ಲೇಸರ್ ಕಿರಣ ಅಕ್ಷರ ಬೇಕಾದ ಕಡೆ ಮಾತ್ರ ಬೀಳುತ್ತದೆ. ಅಲ್ಲಿ ಲೇಪ ವಾಹಕವಾಗಿ ಆವೇಶ ಇಳಿಯುತ್ತದೆ. ಕಣ್ಣಿಗೆ ಕಾಣದ ವಿದ್ಯುತ್ ಚಿತ್ರವೊಂದು ಸಿದ್ಧವಾಗುತ್ತದೆ.

3. ಪುಡಿ ಅಂಟುವುದು: ಕಾಂತೀಯ ಉರುಳೆಯ ಮೇಲಿನ ಟೋನರ್‌ಗೂ ಋಣ ಆವೇಶವಿದೆ. ಡ್ರಮ್ಮಿನ ಆವೇಶ ಉಳಿದ ಭಾಗ ಅದನ್ನು ದೂಡುತ್ತದೆ. ಆವೇಶ ಇಳಿದ ಭಾಗಕ್ಕೆ ಪುಡಿ ಹಾರಿ ಅಂಟುತ್ತದೆ.

4. ಕಾಗದಕ್ಕೆ ವರ್ಗಾವಣೆ: ಮುದ್ರಕದಲ್ಲಿರುವ ಇನ್ನೊಂದು ಉರುಳೆ ಕಾಗದದ ಹಿಂಬದಿಯಿಂದ ಧನ ಆವೇಶ ಕೊಟ್ಟು ಪುಡಿಯನ್ನು ಕಾಗದಕ್ಕೆ ಸೆಳೆಯುತ್ತದೆ.

5. ಬೇಯಿಸುವುದು: ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಫ್ಯೂಸರ್ ಭಾಗದಲ್ಲಿ ಪುಡಿ ಕರಗಿ ಕಾಗದದ ನಾರಿಗೆ ಅಂಟುತ್ತದೆ. ಹೊರಬಂದ ಹಾಳೆ ಬೆಚ್ಚಗಿರುವುದು ಇದಕ್ಕೇ.

6. ಒರೆಸುವುದು: ಡ್ರಮ್ಮಿನ ಮೇಲಿನ ಪುಡಿಯೆಲ್ಲ ಕಾಗದಕ್ಕೆ ಹೋಗುವುದಿಲ್ಲ. ಉಳಿದ ಸ್ವಲ್ಪ ಪುಡಿಯನ್ನು ವೈಪರ್ ಬ್ಲೇಡ್ ಕೆರೆದು ತ್ಯಾಜ್ಯದ ತೊಟ್ಟಿಗೆ ತಳ್ಳುತ್ತದೆ.

ಇವುಗಳಲ್ಲಿ ನಾಲ್ಕು ಮತ್ತು ಐದನೆಯ ಕೆಲಸಗಳು ಮುದ್ರಕದಲ್ಲಿ ನಡೆಯುತ್ತವೆ. ಲೇಸರ್ ಕೂಡ ಮುದ್ರಕದ್ದೇ. ಉಳಿದೆಲ್ಲವೂ ಕಾರ್ಟ್ರಿಜ್ಜಿನ ಹೊಣೆ. ಹಾಗಾಗಿ ಕಾರ್ಟ್ರಿಜ್ ಎಂದರೆ ಶಾಯಿಯ ದವತಿ ಅಷ್ಟೇ ಎಂದು ತಿಳಿಯುವಂತಿಲ್ಲ. ಅದು ಮುದ್ರಣಯಂತ್ರದ ಅರ್ಧಭಾಗವೇ ಆಗಿದೆ.

ಯಾವುದು ಮುಗಿಯಿತು, ಯಾವುದು ಉಳಿಯಿತು?

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 12ಎ ಕಾರ್ಟ್ರಿಜ್ ಸುಮಾರು 2000 ಪುಟ ಮುದ್ರಿಸುತ್ತದೆ ಎಂದು ತಯಾರಕರು ಹೇಳುತ್ತಾರೆ. ಪುಟದ ವಿಸ್ತೀರ್ಣದಲ್ಲಿ ಶೇಕಡ 5ರಷ್ಟು ಜಾಗ ಮಾತ್ರ ಕಪ್ಪಾಗುತ್ತದೆ ಎಂಬ ಅಂದಾಜಿನ ಮೇಲೆ ಬಂದ ಸಂಖ್ಯೆ ಇದು. ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಅದರ ಶೇಕಡ 5 ಎಂದರೆ ಸುಮಾರು 31 ಚದರ ಸೆಂ.ಮೀ. ತೊಟ್ಟಿಯಲ್ಲಿ 100 ಗ್ರಾಂ ಪುಡಿ ಇದೆ ಎಂದುಕೊಂಡರೆ ಒಂದು ಪುಟಕ್ಕೆ ಖರ್ಚಾಗುವುದು 0.05 ಗ್ರಾಂ, ಅಂದರೆ 50 ಮಿಲಿಗ್ರಾಂ.

ಡ್ರಮ್ಮಿನ ಲೆಕ್ಕ ನೋಡಿ. ಅದರ ವ್ಯಾಸ 24 ಮಿ.ಮೀ. ಸುತ್ತಳತೆ 3.14 × 24 = ಸುಮಾರು 75 ಮಿ.ಮೀ. ಎ4 ಹಾಳೆಯ ಉದ್ದ 297 ಮಿ.ಮೀ. ಒಂದು ಹಾಳೆಗೆ ಡ್ರಮ್ ಸುಮಾರು ನಾಲ್ಕು ಸುತ್ತು ತಿರುಗುತ್ತದೆ. 2000 ಪುಟಕ್ಕೆ 8000 ಸುತ್ತು. ಪ್ರತಿ ಸುತ್ತಿನಲ್ಲೂ ಬ್ಲೇಡಿನ ಉಜ್ಜುವಿಕೆಯನ್ನು ಅದರ ತೆಳು ಲೇಪ ತಾಳಿಕೊಳ್ಳಬೇಕು.

ಪುಡಿ ಪೂರ್ತಿ ಮುಗಿದ ದಿನ ಉಳಿದ ಭಾಗಗಳ ಸ್ಥಿತಿ ಏನು? ಪ್ಲಾಸ್ಟಿಕ್ ಕವಚ, ಹಲ್ಲುಚಕ್ರಗಳು, ಉಕ್ಕಿನ ಸರಳು ಮತ್ತು ಕಾಂತ ಬಹುಪಾಲು ಹಾಗೆಯೇ ಇರುತ್ತವೆ. ಪಿ.ಸಿ.ಆರ್. ಕೊಳೆಯಾಗಿರುತ್ತದೆ, ಶುಚಿಮಾಡಿದರೆ ಬಾಳುತ್ತದೆ. ಡಾಕ್ಟರ್ ಬ್ಲೇಡಿನ ಅಂಚು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ಡ್ರಮ್ ಮತ್ತು ವೈಪರ್ ಬ್ಲೇಡ್ ಮಾತ್ರ ಸವೆದಿರುತ್ತವೆ. ತ್ಯಾಜ್ಯದ ತೊಟ್ಟಿ ಸಾಕಷ್ಟು ತುಂಬಿರುತ್ತದೆ.

ನೇಗಿಲಿನ ಗುಳ ಸವೆದರೆ ರೈತ ನೇಗಿಲನ್ನೇ ಎಸೆಯುವುದಿಲ್ಲ, ಕುಲುಮೆಗೆ ಒಯ್ದು ಗುಳ ತಟ್ಟಿಸುತ್ತಾನೆ. ತಾಮ್ರದ ಪಾತ್ರೆಯ ಕಲಾಯಿ ಹೋದರೆ ಕಲಾಯಿ ಮತ್ತೆ ಹಾಕಿಸುತ್ತೇವೆ. ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸವೆಯುವುದಿಲ್ಲ ಎಂಬ ಅರಿವು ಇದರ ಹಿಂದಿದೆ. ಮರುನಿರ್ಮಾಣದ ತಳಹದಿಯೂ ಇದೇ ಅರಿವು.

ತುಂಬುವುದು ಬೇರೆ, ಮರುನಿರ್ಮಿಸುವುದು ಬೇರೆ

ಮೂರು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು.

ಮರುತುಂಬುವಿಕೆ ಅಥವಾ ರೀಫಿಲ್: ಪೆಟ್ಟಿಗೆಯ ಬದಿಯನ್ನು ತೆರೆದು ಇಲ್ಲವೇ ಒಂದು ರಂಧ್ರ ಮಾಡಿ ಹೊಸ ಪುಡಿ ಸುರಿಯುವುದು. ಕೆಲವೇ ನಿಮಿಷದ ಕೆಲಸ. ಉಳಿದ ಭಾಗಗಳ ತಪಾಸಣೆ ಇಲ್ಲ.

ನವೀಕರಣ: ಪೆಟ್ಟಿಗೆಯನ್ನು ಬಿಚ್ಚಿ, ಒಳಗಿನದೆಲ್ಲ ಶುಚಿಮಾಡಿ, ಕೆಟ್ಟು ಹೋದದ್ದು ಕಂಡರೆ ಅದನ್ನು ಬದಲಿಸಿ, ಪುಡಿ ತುಂಬಿ ಕೆಲಸಕ್ಕೆ ಬರುವಂತೆ ಮಾಡುವುದು.

ಮರುನಿರ್ಮಾಣ: ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಪರೀಕ್ಷಿಸಿ, ಸವೆಯುವ ಭಾಗಗಳನ್ನು ನಿಯಮದಂತೆ ಬದಲಿಸಿ, ಹೊಸದರ ಮಟ್ಟಕ್ಕೆ ತಂದು, ಹೊಸದಕ್ಕೆ ಸಮನಾದ ಖಾತರಿ ಕೊಡುವುದು. 2009ರ ಬ್ರಿಟಿಷ್ ಮಾನಕ ಬಿಎಸ್ 8887ರ ಎರಡನೆಯ ಭಾಗ ಮರುನಿರ್ಮಾಣವನ್ನು ಹೀಗೆಯೇ ವಿವರಿಸುತ್ತದೆ. ಮರುನಿರ್ಮಿತ ಟೋನರ್ ಕಾರ್ಟ್ರಿಜ್‌ಗಳ ಗುಣಮಟ್ಟಕ್ಕೆಂದೇ ಜರ್ಮನಿಯಲ್ಲಿ ಡಿಐಎನ್ 33870 ಎಂಬ ಮಾನಕವಿದೆ.

ಬರಿಯ ರೀಫಿಲ್‌ನಲ್ಲಿ ಏನು ತೊಂದರೆ? ಆರನೆಯ ಕೆಲಸವನ್ನು ನೆನಪಿಸಿಕೊಳ್ಳಿ. ಪ್ರತಿ ಸಲ ಪುಡಿ ಮುಗಿಯುವಷ್ಟರಲ್ಲಿ ತ್ಯಾಜ್ಯದ ತೊಟ್ಟಿಗೆ ಮತ್ತಷ್ಟು ಪುಡಿ ಸೇರಿರುತ್ತದೆ. ತಯಾರಕರು ಆ ತೊಟ್ಟಿಯನ್ನು ಮಾಡಿದ್ದು ಒಂದು ಬಾರಿಯ ಬಳಕೆಗೆ. ಅದನ್ನು ಖಾಲಿ ಮಾಡದೆ ಮತ್ತೆ ಮತ್ತೆ ಪುಡಿ ತುಂಬಿದರೆ ಒಂದು ದಿನ ಅದು ಉಕ್ಕಿ ಕಾಗದದ ಮೇಲೂ ಮುದ್ರಕದ ಒಳಗೂ ಸುರಿಯುತ್ತದೆ. ಅಕ್ಷರದ ಪಕ್ಕದಲ್ಲಿ ಕಪ್ಪು ಪಟ್ಟೆ ಬರುವುದು, ಬೆನ್ನು ಕೊಳೆಯಾಗುವುದು ಮುಂತಾದ ದೂರುಗಳಿಗೆ ಇದು ಸಾಮಾನ್ಯ ಕಾರಣ. 'ರೀಫಿಲ್ ಮಾಡಿಸಿದರೆ ಮುದ್ರಕ ಹಾಳಾಗುತ್ತದೆ' ಎಂಬ ಮಾತು ಹುಟ್ಟಿದ್ದು ಇಂತಹ ಅರೆಬರೆ ಕೆಲಸದಿಂದ. ಕ್ರಮಬದ್ಧವಾದ ಮರುನಿರ್ಮಾಣಕ್ಕೆ ಆ ಮಾತು ಸಲ್ಲುವುದಿಲ್ಲ.

ಇನ್ನೂ ಒಂದು ವಿಷಯ. ತ್ಯಾಜ್ಯದ ತೊಟ್ಟಿಯ ಪುಡಿಯೂ ಟೋನರ್ ತಾನೆ, ಅದನ್ನೇ ಮತ್ತೆ ಬಳಸಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆ ಪುಡಿಯಲ್ಲಿ ಕಾಗದದ ದೂಳು ಬೆರೆತಿರುತ್ತದೆ. ಸರಿಯಾದ ಆವೇಶ ಪಡೆಯದ ಕಣಗಳೇ ಅಲ್ಲಿ ಹೆಚ್ಚು. ಅದನ್ನು ಬಳಸಿದರೆ ಪುಟದ ಹಿನ್ನೆಲೆಯೆಲ್ಲ ಮಸುಕಾಗುತ್ತದೆ, ಡ್ರಮ್ಮಿನ ಮೇಲೆ ಗೀರು ಬೀಳುತ್ತದೆ.

ಮರುನಿರ್ಮಾಣದ ಹಂತಗಳು

ಖಾಲಿ ಪೆಟ್ಟಿಗೆಗೆ ಈ ವೃತ್ತಿಯಲ್ಲಿ ಕೋರ್ ಎನ್ನುತ್ತಾರೆ. ಮೊದಲ ಕೆಲಸ ಕೋರ್‌ನ ಆಯ್ಕೆ. ಕವಚ ಒಡೆದಿದೆಯೇ, ಹಲ್ಲುಚಕ್ರ ಮುರಿದಿದೆಯೇ, ಹಿಂದೆ ಯಾರಾದರೂ ರಂಧ್ರ ಮಾಡಿದ್ದಾರೆಯೇ ಎಂದು ನೋಡುತ್ತಾರೆ. ಸಾಧ್ಯವಾದರೆ ಒಂದು ಪುಟ ಮುದ್ರಿಸಿ ಯಾವ ಭಾಗ ಕೆಟ್ಟಿದೆ ಎಂದು ಮೊದಲೇ ತಿಳಿಯುತ್ತಾರೆ.

ಬಳಿಕ ಪಿನ್ನುಗಳನ್ನು ತೆಗೆದು ಎರಡು ಅರ್ಧಗಳನ್ನು ಬೇರ್ಪಡಿಸಲಾಗುತ್ತದೆ. ಡ್ರಮ್, ಪಿ.ಸಿ.ಆರ್. ಮತ್ತು ವೈಪರ್ ಬ್ಲೇಡನ್ನು ಹೊರತೆಗೆದು ತ್ಯಾಜ್ಯದ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡುತ್ತಾರೆ. ಸೂಕ್ಷ್ಮ ಸೋಸುಕ ಇರುವ ವಿಶೇಷ ಹೀರುಯಂತ್ರದಿಂದ ಅಥವಾ ದೂಳನ್ನು ಎಳೆದುಕೊಳ್ಳುವ ಮುಚ್ಚಿದ ಪೆಟ್ಟಿಗೆಯೊಳಗೆ ಒತ್ತಡದ ಗಾಳಿಯಿಂದ ಶುಚಿಮಾಡುತ್ತಾರೆ.

ಪಿ.ಸಿ.ಆರ್. ಉರುಳೆಯನ್ನು ಖನಿಜ ತೆಗೆದ ನೀರಿನಿಂದ ಒರೆಸಿ ಒಣಗಿಸುವುದು ರೂಢಿ. ತೀಕ್ಷ್ಣ ದ್ರಾವಕ ಬಳಸಿದರೆ ಅದರ ಮೇಲ್ಪದರ ಹಾಳಾಗುತ್ತದೆ. ಕಾಂತೀಯ ಉರುಳೆಯ ಹೊರಗವಚವನ್ನು ನೂಲು ಬಿಡದ ಬಟ್ಟೆಯಿಂದ ಒರೆಸುತ್ತಾರೆ. ಕೈಬೆರಳಿನ ಎಣ್ಣೆ ಸೋಕಿದ ಕಡೆ ಪುಡಿ ಸಮನಾಗಿ ಕೂರುವುದಿಲ್ಲ.

ಹೊಸ ವೈಪರ್ ಬ್ಲೇಡ್ ಮತ್ತು ಹೊಸ ಡ್ರಮ್ ಜೋಡಿಸುವ ಮುನ್ನ ಎರಡಕ್ಕೂ ಜಾರಿಕೆಯ ನುಣುಪು ಪುಡಿ ಹಚ್ಚಬೇಕು. ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಒಣ ರಬ್ಬರ್ ಅಂಚು ಡ್ರಮ್ಮಿಗೆ ಕಚ್ಚಿಕೊಂಡು ಮಗುಚಿಬೀಳುತ್ತದೆ. ವಿದ್ಯುತ್ ಸಂಪರ್ಕದ ಬಿಂದುಗಳನ್ನು ಶುಚಿಮಾಡಿ ವಾಹಕ ಗ್ರೀಸ್ ಹಚ್ಚುತ್ತಾರೆ. ಈ ಕೆಲಸವೆಲ್ಲ ಮಂದ ಬೆಳಕಿನಲ್ಲಿ ನಡೆದರೆ ಒಳ್ಳೆಯದು. ದ್ಯುತಿವಾಹಕಕ್ಕೆ ಬಿಸಿಲು ಬಹಳ ಹೊತ್ತು ಬಿದ್ದರೆ ಅದರ ಗುಣ ಕೆಡುತ್ತದೆ. ಮುದ್ರಕದಿಂದ ತೆಗೆದ ಕಾರ್ಟ್ರಿಜ್ಜನ್ನು ಕಿಟಕಿಯ ಬಳಿ ಇಡಬಾರದು ಎನ್ನುವುದು ಇದಕ್ಕಾಗಿಯೇ.

ಪುಡಿಯ ಆಯ್ಕೆಯೂ ಮುಖ್ಯ. ಎಲ್ಲ ಕಪ್ಪು ಪುಡಿಯೂ ಒಂದೇ ಅಲ್ಲ. ಕಾಂತೀಯ ಪುಡಿ ಬೇಕಾದಲ್ಲಿ ಕಾಂತೀಯವಲ್ಲದ್ದನ್ನು ಹಾಕಿದರೆ ಉರುಳೆ ಅದನ್ನು ಹಿಡಿಯುವುದಿಲ್ಲ. ಆವೇಶದ ಗುಣ ಬೇರೆಯಾದರೆ ಅಕ್ಷರ ತೆಳುವಾಗುತ್ತದೆ. ಕರಗುವ ಉಷ್ಣತೆ ಹೆಚ್ಚಿದ್ದರೆ ಪುಡಿ ಕಾಗದಕ್ಕೆ ಸರಿಯಾಗಿ ಅಂಟುವುದಿಲ್ಲ. ಮುದ್ರಿತ ಅಕ್ಷರವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಎದ್ದು ಬಂದರೆ ಪುಡಿ ತಪ್ಪು ಅಥವಾ ಫ್ಯೂಸರ್ ದುರ್ಬಲ ಎಂದು ಅರ್ಥ. ಪ್ರಮಾಣಪತ್ರದಂತಹ ಕಾಗದದಲ್ಲಿ ಇದು ಸಣ್ಣ ದೋಷವಲ್ಲ.

ಕೊನೆಯಲ್ಲಿ ಪರೀಕ್ಷಾ ಪುಟಗಳನ್ನು ಮುದ್ರಿಸುತ್ತಾರೆ: ಒಂದು ಪೂರ್ತಿ ಬಿಳಿ, ಒಂದು ಪೂರ್ತಿ ಕಪ್ಪು, ಒಂದು ಬೂದು, ಒಂದು ಅಕ್ಷರಗಳದ್ದು. ಎಲ್ಲವೂ ಸರಿಯಿದ್ದರೆ ಬೆಳಕು ತೂರದ ಕಪ್ಪು ಚೀಲದಲ್ಲಿಟ್ಟು ಮುಚ್ಚುತ್ತಾರೆ.

ಗುರುತು ನೋಡಿ ರೋಗ ಹೇಳುವುದು

ತರಗತಿಯಲ್ಲಿ ಮಾಡಬಹುದಾದ ಒಂದು ಚಟುವಟಿಕೆ ಇಲ್ಲಿದೆ. ಮುದ್ರಿತ ಪುಟದಲ್ಲಿ ಒಂದೇ ಚುಕ್ಕೆ ಸಮ ಅಂತರದಲ್ಲಿ ಮತ್ತೆ ಮತ್ತೆ ಬಂದಿದ್ದರೆ ಆ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಿರಿ. ದೋಷವಿರುವುದು ಯಾವುದೋ ಉರುಳೆಯ ಮೇಲೆ. ಆ ಉರುಳೆ ಒಂದು ಸುತ್ತು ಬಂದಾಗಲೆಲ್ಲ ಗುರುತು ಬೀಳುತ್ತದೆ. ಆದ್ದರಿಂದ ಅಂತರ = ಉರುಳೆಯ ಸುತ್ತಳತೆ = 3.14 × ವ್ಯಾಸ. 12ಎ ಕಾರ್ಟ್ರಿಜ್‌ನಲ್ಲಿ ಅಂತರ ಸುಮಾರು 75 ಮಿ.ಮೀ. ಇದ್ದರೆ ದೋಷ ಡ್ರಮ್ಮಿನದು. ಸುಮಾರು 38 ಮಿ.ಮೀ. ಇದ್ದರೆ 12 ಮಿ.ಮೀ. ವ್ಯಾಸದ ಪಿ.ಸಿ.ಆರ್. ಉರುಳೆಯದು. ಪುಟದ ಉದ್ದಕ್ಕೂ ಒಂದೇ ಸಮ ಗೆರೆ ಇದ್ದರೆ ತಿರುಗದ ಭಾಗವನ್ನು, ಅಂದರೆ ಬ್ಲೇಡನ್ನು ಅಥವಾ ಡ್ರಮ್ಮಿನ ಸುತ್ತ ಬಿದ್ದ ಗೀರನ್ನು ಶಂಕಿಸಬೇಕು. ವೃತ್ತದ ಪರಿಧಿಯ ಸೂತ್ರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಕಾರ್ಲ್‌ಸನ್‌ರ ತತ್ವವನ್ನೂ ತೋರಿಸಬಹುದು. ಒಣಹವೆಯ ದಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಷರದ ಆಕಾರದಲ್ಲಿ ಕತ್ತರಿಸಿದ ರಟ್ಟನ್ನಿಟ್ಟು, ತೆರೆದ ಭಾಗವನ್ನು ಉಣ್ಣೆಬಟ್ಟೆಯಿಂದ ಉಜ್ಜಿ. ರಟ್ಟು ತೆಗೆದು ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿ ಮೆಲ್ಲನೆ ಕೊಡವಿ. ಉಜ್ಜಿದ ಕಡೆ ಪುಡಿ ಹೆಚ್ಚು ನಿಲ್ಲುತ್ತದೆ. ಮಳೆಗಾಲದಲ್ಲಿ ಈ ಪ್ರಯೋಗ ಸರಿಯಾಗಿ ಬಾರದು. ತೇವ ಹೀರಿದ ಕಾಗದದ ಮೇಲೆ ಮುದ್ರಣ ಮಂಕಾಗುವುದಕ್ಕೂ ಆವೇಶ ಸೋರಿಹೋಗುವುದೇ ಕಾರಣ. ಈ ಪ್ರಯೋಗಕ್ಕೆ ಟೋನರ್ ಪುಡಿಯನ್ನು ಮಾತ್ರ ಬಳಸಬೇಡಿ. ಕಾರಣವನ್ನು ಮುಂದೆ ನೋಡಿ.

ಪುಡಿಯ ಅಪಾಯ ಯಾರಿಗೆ?

ಮುದ್ರಕವನ್ನು ಬಳಸುವವರಿಗೆ ಟೋನರ್‌ನಿಂದ ಆಗುವ ತೊಂದರೆ ಕಡಿಮೆ. ದಿನವಿಡೀ ಪುಡಿ ತುಂಬುವ ಕೈಗಳಿಗೆ ಹಾಗಲ್ಲ. 10 ಮೈಕ್ರೊಮೀಟರ್‌ಗಿಂತ ಚಿಕ್ಕ ಕಣಗಳು ಮೂಗಿನ ಸೋಸುವಿಕೆಯನ್ನು ದಾಟಿ ಶ್ವಾಸನಾಳದೊಳಕ್ಕೆ ಇಳಿಯಬಲ್ಲವು. ಇಂಗಾಲದ ಮಸಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ '2ಬಿ' ವರ್ಗದಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆ ಇದೆ ಎನ್ನಬಹುದಾದ ವಸ್ತುಗಳ ಸಾಲಿನಲ್ಲಿ ಇರಿಸಿದೆ. ಟೋನರ್‌ನಲ್ಲಿ ಅದು ರಾಳದೊಳಗೆ ಬಂಧಿಯಾಗಿರುತ್ತದೆ ನಿಜ. ಆದರೂ ಗಾಳಿಯಾಡದ ಅಂಗಡಿಯಲ್ಲಿ ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಪುಡಿ ಕೊಡವುವ ಹುಡುಗನ ಶ್ವಾಸಕೋಶಕ್ಕೆ ಅದು ಹಿತವಲ್ಲ. ಅಗ್ಗದ ರೀಫಿಲ್‌ನ ಬೆಲೆಯಲ್ಲಿ ಸೇರದ ಖರ್ಚು ಇದು.

ಮುನ್ನೆಚ್ಚರಿಕೆಗಳು ಸರಳವಾಗಿವೆ. ಎನ್-95 ದರ್ಜೆಯ ಮುಖಗವಸು ಮತ್ತು ಕೈಗವಸು ಧರಿಸಬೇಕು. ಚೆಲ್ಲಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೈಗೆ, ಬಟ್ಟೆಗೆ ಅಂಟಿದರೆ ತಣ್ಣೀರಿನಿಂದ ತೊಳೆಯಬೇಕು. ಬಿಸಿನೀರು ರಾಳವನ್ನು ಮೆದುಗೊಳಿಸಿ ಕಲೆಯನ್ನು ಗಟ್ಟಿಮಾಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬಾರದು. ಅದರ ಚೀಲದಿಂದ ಸೂಕ್ಷ್ಮ ಕಣಗಳು ನುಸುಳಿ ಹೊರಬರುತ್ತವೆ. ಗಾಳಿಯಲ್ಲಿ ದಟ್ಟವಾಗಿ ತೇಲುವ ಹಿಟ್ಟಿನ ದೂಳಿನಂತೆ ಟೋನರ್ ದೂಳಿಗೂ ಕಿಡಿಯಿಂದ ಬೆಂಕಿ ಹತ್ತಬಲ್ಲದು. ಖಾಲಿ ಪೆಟ್ಟಿಗೆಯನ್ನು ಕಸದ ಜೊತೆ ಸುಡುವುದಂತೂ ಸರ್ವಥಾ ಸಲ್ಲದು.

ಚಿಪ್ ಮತ್ತು ಕಾನೂನು

ಇತ್ತೀಚಿನ ಅನೇಕ ಕಾರ್ಟ್ರಿಜ್‌ಗಳಲ್ಲಿ ಸಣ್ಣ ಚಿಪ್ ಇರುತ್ತದೆ. ಅದು ಪುಟಗಳನ್ನು ಎಣಿಸುತ್ತದೆ, ಪೆಟ್ಟಿಗೆ ಯಾರದು ಎಂದು ಮುದ್ರಕಕ್ಕೆ ಹೇಳುತ್ತದೆ. ಪುಡಿ ತುಂಬಿದರೂ ಚಿಪ್ 'ಖಾಲಿ' ಎಂದೇ ಸಾರಬಹುದು. ಮರುನಿರ್ಮಾಣ ಮಾಡುವವರು ಅದನ್ನೂ ಬದಲಿಸಬೇಕಾಗುತ್ತದೆ. ಸವೆತಕ್ಕೆ ಸಂಬಂಧವೇ ಇಲ್ಲದ ಒಂದು ಭಾಗ ಪೆಟ್ಟಿಗೆಯ ಆಯುಸ್ಸನ್ನು ನಿರ್ಧರಿಸುವುದು ಸರಿಯೇ ಎಂಬ ಪ್ರಶ್ನೆ ಜಗತ್ತಿನ ಹಲವೆಡೆ ಎದ್ದಿದೆ. ಒಮ್ಮೆ ಮಾತ್ರ ಬಳಸಬೇಕು ಎಂಬ ಷರತ್ತಿನ ಮೇಲೆ ಮಾರಿದ ಕಾರ್ಟ್ರಿಜ್‌ಗಳ ಬಗ್ಗೆ ಲೆಕ್ಸ್‌ಮಾರ್ಕ್ ಕಂಪನಿಗೂ ಅವನ್ನು ಮರುತಯಾರಿಸುತ್ತಿದ್ದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಗೂ ವ್ಯಾಜ್ಯ ನಡೆಯಿತು. ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2017ರ ಮೇ 30ರಂದು ತೀರ್ಪಿತ್ತಿತು. ಆ ದೇಶದ ತೀರ್ಪು ನಮಗೆ ನೇರವಾಗಿ ಅನ್ವಯಿಸದು. ಆದರೂ ದುರಸ್ತಿಯ ಹಕ್ಕಿನ ಚರ್ಚೆಯಲ್ಲಿ ಅದು ದೊಡ್ಡ ಮೈಲಿಗಲ್ಲು.

ನಮ್ಮ ದೇಶದಲ್ಲಿ 2011ರ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಮುದ್ರಕಗಳನ್ನು ಕಾರ್ಟ್ರಿಜ್‌ಗಳ ಸಹಿತ ಅವು ಪಟ್ಟಿಯಲ್ಲಿ ಸೇರಿಸಿದವು. ಈಗ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರು, ನವೀಕರಣ ಮಾಡುವವರು ಮತ್ತು ಮರುಬಳಕೆ ಘಟಕಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಕಾನೂನಿನ ದೃಷ್ಟಿಯಲ್ಲಿ ಖಾಲಿ ಕಾರ್ಟ್ರಿಜ್ ಸಾಮಾನ್ಯ ಕಸವಲ್ಲ ಎಂದಾಯಿತು.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ದೇಶದಲ್ಲಿ ಸರ್ಕಾರದ ಅನುಮತಿ ಪಡೆದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕ ಇ-ಪರಿಸರ ಆರಂಭವಾದದ್ದು 2005ರಲ್ಲಿ, ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ಬೇಗೂರಿಗೆ ಸಮೀಪದ ಮೈಸೂರಿನಲ್ಲಿ ವಿಪ್ರೋದ ಮುದ್ರಕ ವಿಭಾಗ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳನ್ನು ತಯಾರಿಸುತ್ತಿತ್ತು. 2000ದಲ್ಲಿ ಪ್ರತ್ಯೇಕ ಕಂಪನಿಯಾದ ಆ ವಿಭಾಗ ಮುಂದೆ ವೆಪ್ ಎಂಬ ಹೆಸರು ಪಡೆದು, ಮುದ್ರಣವನ್ನೇ ಸೇವೆಯಾಗಿ ಒದಗಿಸುವ ವ್ಯವಹಾರಕ್ಕೂ ಇಳಿಯಿತು. ಪುಟಕ್ಕಿಷ್ಟು ಎಂಬ ದರದ ಇಂತಹ ಸೇವೆಯಲ್ಲಿ ಪೆಟ್ಟಿಗೆಯನ್ನು ಹೆಚ್ಚು ಕಾಲ ಬಾಳಿಸುವುದು ಸೇವೆ ಕೊಡುವವರಿಗೇ ಲಾಭ. ಪೆಟ್ಟಿಗೆ ಮಾರುವ ವ್ಯಾಪಾರದಲ್ಲಿ ಆ ಪ್ರೇರಣೆ ಇಲ್ಲ.

ನಿಮ್ಮ ಶಾಲೆ ಏನು ಮಾಡಬಹುದು?

ಮೊದಲು ಲೆಕ್ಕ ಇಡಿ. ಕಾರ್ಟ್ರಿಜ್ ಹಾಕಿದ ದಿನಾಂಕ, ಕೊಟ್ಟ ಬೆಲೆ, ಸರಿಯಾಗಿ ಬಂದ ಪುಟಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಬೆಲೆಯನ್ನು ಪುಟಗಳಿಂದ ಭಾಗಿಸಿದರೆ ನಿಜವಾದ ಖರ್ಚು ತಿಳಿಯುತ್ತದೆ. ಹಾಳಾದ ಪುಟಗಳ ಕಾಗದದ ಬೆಲೆಯನ್ನೂ ಸೇರಿಸಿ. ಅಗ್ಗದ ರೀಫಿಲ್ ಕೆಲವೊಮ್ಮೆ ದುಬಾರಿಯಾಗಿ ಕಾಣುತ್ತದೆ, ಒಳ್ಳೆಯ ಮರುನಿರ್ಮಾಣ ಹೊಸದಕ್ಕಿಂತ ಬಹಳ ಅಗ್ಗವಾಗಿ ಕಾಣುತ್ತದೆ. ಹಾಕುವ ಮೊದಲು ಮತ್ತು ತೆಗೆದ ನಂತರ ಪೆಟ್ಟಿಗೆಯನ್ನು ತೂಗಿ ಬರೆದಿಟ್ಟರೆ ಕಾಗದಕ್ಕೆ ಹೋದ ಪುಡಿ ಎಷ್ಟು, ಉಳಿದ ವಸ್ತು ಎಷ್ಟು ಎಂಬುದು ವಿದ್ಯಾರ್ಥಿಗಳ ಕಣ್ಣೆದುರೇ ಸಿದ್ಧವಾಗುತ್ತದೆ. ಒಂದು ವರ್ಷದ ಅಂಕಿಗಳು ಶಾಲೆಯ ವಿಜ್ಞಾನ ಸಂಘಕ್ಕೆ ಒಳ್ಳೆಯ ಯೋಜನೆ.

ಪೆಟ್ಟಿಗೆಯನ್ನು ಅಂಗಡಿಗೆ ಕೊಡುವಾಗ ಐದು ಪ್ರಶ್ನೆ ಕೇಳಿ. ತ್ಯಾಜ್ಯದ ತೊಟ್ಟಿ ಖಾಲಿ ಮಾಡುತ್ತೀರಾ? ಡ್ರಮ್ ಮತ್ತು ವೈಪರ್ ಬ್ಲೇಡನ್ನು ಎಷ್ಟು ಸಲಕ್ಕೊಮ್ಮೆ ಬದಲಿಸುತ್ತೀರಿ? ಈ ಮಾದರಿಗೆ ತಕ್ಕ ಪುಡಿಯೇ? ಪರೀಕ್ಷಾ ಪುಟ ಕೊಡುತ್ತೀರಾ? ತೆಗೆದ ಪುಡಿ ಮತ್ತು ಹಳೆಯ ಭಾಗಗಳು ಎಲ್ಲಿಗೆ ಹೋಗುತ್ತವೆ? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಕೆಲಸ ಅರ್ಧವೇ ಆಗಿದೆ ಎಂದು ತಿಳಿಯಿರಿ. ಪೇಟೆಯಲ್ಲಿ ಸಿಗುವ ಅಗ್ಗದ ಪೆಟ್ಟಿಗೆಗಳೆಲ್ಲ ಮರುನಿರ್ಮಿತವಲ್ಲ ಎಂಬುದೂ ಗಮನದಲ್ಲಿರಲಿ. 'ಕಂಪ್ಯಾಟಿಬಲ್' ಎಂದು ಮಾರುವ ಅನೇಕ ಪೆಟ್ಟಿಗೆಗಳು ಹೊಸ ಪ್ಲಾಸ್ಟಿಕ್ಕಿನಿಂದಲೇ ತಯಾರಾದವು. ಅವು ಹಣ ಉಳಿಸಬಹುದು, ಕಸ ಉಳಿಸುವುದಿಲ್ಲ.

ಮರುನಿರ್ಮಾಣಕ್ಕೂ ಬಾರದಷ್ಟು ಸವೆದ ಪೆಟ್ಟಿಗೆಗಳನ್ನು ಒಂದು ರಟ್ಟಿನ ಡಬ್ಬದಲ್ಲಿ ಕೂಡಿಡಿ. ಒಂದೊಂದು ಶಾಲೆಯಲ್ಲಿ ವರ್ಷಕ್ಕೆ ನಾಲ್ಕಾರು ಆಗಬಹುದು, ಅಷ್ಟಕ್ಕೆ ಯಾವ ಘಟಕವೂ ವಾಹನ ಕಳುಹಿಸದು. ಒಂದು ಹೋಬಳಿಯ ಶಾಲೆಗಳು, ಪಂಚಾಯಿತಿಗಳು, ಕಚೇರಿಗಳು ಒಟ್ಟಾಗಿ ಕೂಡಿಟ್ಟರೆ ನೋಂದಾಯಿತ ಘಟಕಕ್ಕೋ ತಯಾರಕರ ಮರುಸಂಗ್ರಹ ವ್ಯವಸ್ಥೆಗೋ ಒಪ್ಪಿಸುವಷ್ಟಾಗುತ್ತದೆ. ಬೇಗೂರಿನಂತಹ ಹೋಬಳಿ ಕೇಂದ್ರಕ್ಕೆ ಸುತ್ತಲಿನ ಹಳ್ಳಿಗಳ ಜನ ಹೇಗೂ ಬಂದುಹೋಗುತ್ತಾರೆ. ಸಂಗ್ರಹಕ್ಕೆ ಅದಕ್ಕಿಂತ ಅನುಕೂಲದ ಜಾಗ ಬೇರೆ ಬೇಕಿಲ್ಲ. ಸರಿಯಾದ ತರಬೇತಿ ಮತ್ತು ಗಾಳಿ ಎಳೆಯುವ ಯಂತ್ರ ಇದ್ದರೆ ಮರುನಿರ್ಮಾಣವೂ ಹೆಚ್ಚು ಬಂಡವಾಳ ಬೇಡದ, ಐ.ಟಿ.ಐ. ಕಲಿತ ಯುವಕ ಯುವತಿಯರ ಕೈಗೆ ಹತ್ತುವ ಕಸುಬು.

ಮುದ್ರಕದ ಪರದೆಯಲ್ಲಿ 'ಟೋನರ್ ಖಾಲಿ' ಎಂಬ ಸೂಚನೆ ಬಂದಾಗ ಖಾಲಿಯಾದದ್ದು ನೂರು ಗ್ರಾಂ ಪುಡಿ ಮಾತ್ರ. ಉಳಿದದ್ದರಲ್ಲಿ ಯಾವುದು ಸವೆದಿದೆ, ಯಾವುದು ಬಾಳುತ್ತದೆ ಎಂದು ನೋಡಿ ತಿಳಿಯುವ ಕೆಲಸ ನಮ್ಮದು.